ಹಬ್ಬದ ವಾರದ ಒಣ ಮೋಡ



ಇವತ್ತಿನ ಮಾತು ಚಳಿಗಾಲದ ಮೋಡದ ಬಗ್ಗೆ. ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯವರೆಗೆ, ಸರಿಯಾಗಿ ಹಬ್ಬದ ಹೊತ್ತಿಗೆ, ಕೆಲವು ವರ್ಷ ಈ ಮೋಡ ನಮ್ಮ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ. ಮೂರು ದಿನ ಇರುತ್ತದೆ. ಕೆಲವು ಸಲ ವಾರವಿಡೀ ಇರುತ್ತದೆ. ಮಳೆ ಸುರಿಸುವುದಿಲ್ಲ. ಸುರಿಸಿದರೂ ಅಂಗಳದ ಧೂಳು ಅಡಗುವಷ್ಟು ಮಾತ್ರ. ಆದರೆ ಥಂಡಿಯನ್ನು ಮಾತ್ರ ಕಳೆದುಬಿಡುತ್ತದೆ.

ಈ ಮಾತಿಗೆ ನಾನು ಆರಿಸಿಕೊಂಡ ಊರು ಬೋರಾಮಣಿ. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಊರು. ಸೊಲ್ಲಾಪುರದಿಂದ ಹೈದರಾಬಾದ್ ರಸ್ತೆ ಹಿಡಿದು ಮೂಡಣ ದಿಕ್ಕಿಗೆ ಸುಮಾರು 20 ಕಿಲೋಮೀಟರ್ ಹೋದರೆ ಸಿಗುತ್ತದೆ. ಅದೇ ರಸ್ತೆ ಮುಂದೆ ನಳದುರ್ಗದ ಕೋಟೆಯ ಕಡೆಗೆ ಹೋಗುತ್ತದೆ. ತೆಂಕಣ ಕಡೆಗೆ ಅಕ್ಕಲಕೋಟ. ಮಹಾರಾಷ್ಟ್ರದ ಈ ಸೀಮೆಯಲ್ಲಿ ಎಷ್ಟೋ ಮನೆಗಳ ಮಾತು ಕನ್ನಡ. ಪೇಟೆಯ ಮಾತು, ಕಾಗದಪತ್ರದ ಮಾತು ಮರಾಠಿ. ಹೊಲದಲ್ಲಿ ಎರಡೂ ನಡೆಯುತ್ತವೆ.

ನೋಡದವರು ಮನಸ್ಸಿನಲ್ಲಿ ಹೀಗೆ ಚಿತ್ರಿಸಿಕೊಳ್ಳಿ. ಸಮತಟ್ಟು ನೆಲ. ಕೆಲವು ಕಡೆ ಆಳವಾದ ಕಪ್ಪು ಎರೆ, ಕೆಲವು ಕಡೆ ಕಲ್ಲು ಬೆರೆತ ತೆಳು ಮಣ್ಣು. ದೊಡ್ಡ ಗುಡ್ಡವಿಲ್ಲ, ಕಾಡಿಲ್ಲ. ಬದುವಿನ ಮೇಲೆ ಒಂದು ಬೇವು, ಒಂದು ಜಾಲಿ. ಉಳಿದದ್ದೆಲ್ಲ ಮುಗಿಲು. ಇಂಥ ಬಯಲಲ್ಲಿ ಮೋಡ ಕವಿದರೆ ಎಲ್ಲರಿಗೂ ಒಟ್ಟಿಗೇ ಕಾಣುತ್ತದೆ.

ಇನ್ನು, ಹಬ್ಬದ ವಾರ ಎಂದೆ. ಯಾವ ಹಬ್ಬಗಳು? ಡಿಸೆಂಬರ್ ಕೊನೆಗೆ ಶಾಲೆ, ಕಚೇರಿಗಳ ರಜೆ ಬರುತ್ತದೆ. ಪುಣೆ, ಮುಂಬಯಿ, ಬೆಂಗಳೂರು ಸೇರಿದ ಮಕ್ಕಳು ಊರಿಗೆ ಬರುತ್ತಾರೆ. ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನಕ್ಕೆ ಜನ ಸಾಲುಗಟ್ಟುತ್ತಾರೆ. ಸ್ವಾಮಿಗಳು 1878ರಲ್ಲಿ ಅಲ್ಲಿಯೇ ಸಮಾಧಿಯಾದವರು. ಅದೇ ಹೊತ್ತಿಗೆ, ಕೆಲವು ದಿನ ಹಿಂದೆ ಮುಂದೆ, ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಬರುತ್ತದೆ. ಆಮೇಲೆ ಭೋಗಿ, ಸಂಕ್ರಾಂತಿ. ಸಂಕ್ರಾಂತಿಯ ಜೊತೆಗೇ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ.

ಆ ಜಾತ್ರೆಯನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ. ಊರ ಸುತ್ತ ಲಿಂಗಗಳನ್ನು ಪ್ರತಿಷ್ಠಾಪಿಸಿದ. ಆ 68 ಲಿಂಗಗಳಿಗೆ ಎಣ್ಣೆಮಜ್ಜನದಿಂದ ಜಾತ್ರೆ ಶುರು. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ. ಅದು ಸಿದ್ಧರಾಮನ ಯೋಗದಂಡದೊಡನೆ ಕುಂಬಾರ ಕನ್ಯೆಯ ಮದುವೆ. ಆಮೇಲೆ ಹೋಮ, ಮದ್ದು ಸುಡುವುದು, ಕೊನೆಗೆ ಕಪ್ಪಡಕಳ್ಳಿ, ಅಂದರೆ ವಸ್ತ್ರ ಕಳಚುವ ವಿಧಿ. ಏಳು ನಂದಿಧ್ವಜಗಳು ಊರು ಸುತ್ತುತ್ತವೆ. ಒಂದೊಂದೂ ಸುಮಾರು 30 ಅಡಿ ಎತ್ತರ. ಬಿಳಿಯ ಬಾರಾಬಂದಿ ತೊಟ್ಟವರು ಸರದಿಯ ಮೇಲೆ ಹೊರುತ್ತಾರೆ.

ಈ ಎಲ್ಲ ಹಬ್ಬಗಳೂ ಥಂಡಿಯ ಹಬ್ಬಗಳು. ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಲ್ಲ ಕಾಯಿಪಲ್ಲೆ ಕೂಡಿಸಿದ ಭಜ್ಜಿ, ಶೇಂಗಾದ ಹೋಳಿಗೆ, ಕುಸುರೆಳ್ಳು, ಎಲ್ಲವೂ ಮೈಗೆ ಕಾವು ಕೊಡುವ ಊಟ. ಹೊರಗೆ ಥಂಡಿ ಇದ್ದರೆ ಈ ಊಟಕ್ಕೆ ರುಚಿ. ಹಾಗಿರುವಾಗ ಹಬ್ಬದ ಬೆಳಿಗ್ಗೆ ಎದ್ದರೆ ಮುಗಿಲು ಬೂದಿ ಬಣ್ಣ. ಹೊದೆಯಲು ಏನೂ ಬೇಡ. ಗಾಳಿಯಲ್ಲಿ ಸಣ್ಣ ಸೆಕೆ. ಇದು ಏಕೆ ಆಗುತ್ತದೆ? ಇದರಿಂದ ಹೊಲಕ್ಕೆ ಏನಾಗುತ್ತದೆ? ಆಗ ನಾವು ಏನು ಮಾಡಬೇಕು? ಈ ಮೂರನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ, ಥಂಡಿ ಏಕೆ ಹೋಗುತ್ತದೆ?

ಹಗಲು ಸೂರ್ಯ ನೆಲವನ್ನು ಕಾಯಿಸುತ್ತಾನೆ. ರಾತ್ರಿ ಆ ಕಾವು ನೆಲದಿಂದ ಮೇಲಕ್ಕೆ ಹೊರಟುಹೋಗುತ್ತದೆ. ಮುಗಿಲು ತಿಳಿಯಾಗಿದ್ದರೆ ಅದನ್ನು ತಡೆಯುವವರಿಲ್ಲ. ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಬೆಳಗಿನ ಜಾವ ಹಲ್ಲು ಕಡಿಯುವ ಥಂಡಿ ಬರುವುದು ಹೀಗೆ. ಮೋಡ ಕವಿದರೆ ಕತೆ ಬೇರೆ. ನೆಲದಿಂದ ಹೊರಟ ಕಾವನ್ನು ಮೋಡ ಹೀರುತ್ತದೆ. ಅದರಲ್ಲಿ ಒಂದು ಪಾಲನ್ನು ಮತ್ತೆ ನೆಲಕ್ಕೇ ಕಳಿಸುತ್ತದೆ. ಅಜ್ಜಿ ಹೊಲಿದ ಕೌದಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಮೈಯ ಬಿಸಿ ಹೊರಗೆ ಹೋಗದಂತೆ ಹಿಡಿಯುತ್ತದೆ. ಮೋಡವೂ ನೆಲಕ್ಕೆ ಅಷ್ಟನ್ನೇ ಮಾಡುತ್ತದೆ.

ಲೆಕ್ಕ ಹೇಳುವುದಾದರೆ ಹೀಗೆ. ಜನವರಿಯಲ್ಲಿ ಸೊಲ್ಲಾಪುರದ ಹಗಲಿನ ಉಷ್ಣಾಂಶ 30 ಡಿಗ್ರಿ ಆಸುಪಾಸು. ರಾತ್ರಿಯದು 15ರ ಆಸುಪಾಸು. ತಿಳಿ ಮುಗಿಲಿದ್ದು ಬಡಗಣ ಗಾಳಿ ಬಿಟ್ಟರೆ ರಾತ್ರಿ 10ರ ಹತ್ತಿರಕ್ಕೂ ಇಳಿಯುತ್ತದೆ. ಮೋಡ ಕವಿದ ವಾರದಲ್ಲಿ ರಾತ್ರಿ 20ರ ಹತ್ತಿರ ನಿಲ್ಲಬಹುದು. ಹಗಲು ಮಾತ್ರ 30ಕ್ಕಿಂತ ಕೆಳಗೆ ಉಳಿಯುತ್ತದೆ. ಹಗಲಿಗೂ ರಾತ್ರಿಗೂ 15 ಡಿಗ್ರಿ ಅಂತರ ಇದ್ದದ್ದು ಎಂಟು ಹತ್ತಕ್ಕೆ ಬರುತ್ತದೆ. ಮನುಷ್ಯರಿಗೆ ಇದು ಹಿತ. ಮುದುಕರಿಗೆ, ಹಸುಗೂಸಿಗೆ, ಕೊಟ್ಟಿಗೆಯ ಕರುವಿಗೆ ಹಿತ. ರಾತ್ರಿ ಜಾತ್ರೆಯಲ್ಲಿ ನಿಂತವರಿಗೂ ಹಿತ. ಇದನ್ನು ಮರೆಯುವುದು ಬೇಡ.

ಥಂಡಿ ಹೋಗುವ ಕಾರಣ ತಿಳಿಯಿತು. ನೆಲದ ಕಾವನ್ನು ಮೋಡ ಹಿಡಿದಿಡುತ್ತದೆ. ಹಾಗಾದರೆ ಮಳೆಗಾಲ ಮುಗಿದು ಎರಡು ತಿಂಗಳಾದ ಮೇಲೆ ಈ ಮೋಡ ಎಲ್ಲಿಂದ ಬರುತ್ತದೆ?

ಬಹಳ ಸಲ ಮೂಡಣ ದಿಕ್ಕಿನಿಂದ, ಬಂಗಾಳ ಕೊಲ್ಲಿಯಿಂದ. ಬೋರಾಮಣಿಗೆ ಆ ಕಡಲು ಸುಮಾರು 500 ಕಿಲೋಮೀಟರ್ ದೂರ. ಪಡುವಣ ಕಡಲು ಅದಕ್ಕಿಂತ ಹತ್ತಿರ. ಆದರೆ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಮೂಡಣ ಕಡೆಗೆ ಅಂಥ ದೊಡ್ಡ ತಡೆಯಿಲ್ಲ. ನವೆಂಬರ್, ಡಿಸೆಂಬರಿನಲ್ಲಿ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಏಳುತ್ತದೆ. ಕೆಲವು ಸಲ ಅದು ಚಂಡಮಾರುತವೇ ಆಗುತ್ತದೆ. ಮಳೆಯೆಲ್ಲ ತಮಿಳುನಾಡು, ಆಂಧ್ರದ ಕರಾವಳಿಯಲ್ಲಿ ಸುರಿಯುತ್ತದೆ. ಅದರ ತೇವದ ಗಾಳಿ, ಅದರ ಅಂಚಿನ ಮೋಡ ಒಳನಾಡಿಗೆ ಹರಡುತ್ತವೆ.

2022ರಿಂದ 2024ರವರೆಗಿನ ಮೂರು ವರ್ಷ ನೆನೆಯಿರಿ. 2022ರ ಡಿಸೆಂಬರ್ ಎರಡನೆಯ ವಾರ ಮಾಂಡೂಸ್ ಚಂಡಮಾರುತ ಮಹಾಬಲಿಪುರದ ಬಳಿ ನೆಲ ಮುಟ್ಟಿತು. 2023ರ ಡಿಸೆಂಬರ್ 5ರಂದು ಮಿಚಾಂಗ್ ಆಂಧ್ರದ ಬಾಪಟ್ಲದ ಬಳಿ ಬಂತು. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿಯ ಹತ್ತಿರ ಬಂತು. ಚಂಡಮಾರುತ ಬಡಿದದ್ದು ಅಲ್ಲಿ. ಅದರ ತೇವ ಒಳನಾಡಿಗೆ ಹರಡಿದ ದಿನಗಳಲ್ಲಿ ದಖ್ಖನ್ನಿನ ಮುಗಿಲಿಗೂ ಮೋಡ ಬಂತು. ಥಂಡಿಯೂ ಹಿಂದೆ ಸರಿಯಿತು.

ಇನ್ನೊಂದು ದಾರಿಯೂ ಇದೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಪಶ್ಚಿಮದ ವಾಯುಕ್ಷೋಭೆಗಳು ಉತ್ತರ ಭಾರತಕ್ಕೆ ಬರುತ್ತವೆ. ಪಂಜಾಬಿನಲ್ಲಿ ಮಳೆ, ಹಿಮಾಲಯದಲ್ಲಿ ಹಿಮ ತರುವುದು ಇವೇ. ಒಂದೊಂದು ಸಲ ಇವುಗಳ ಸೆರಗು ದಕ್ಷಿಣಕ್ಕೆ ಚಾಚುತ್ತದೆ. ಆಗ ಮೂಡಣ ಕಡಲಿನ ತೇವವೂ ಬಂದು ಸೇರಿದರೆ ಮಹಾರಾಷ್ಟ್ರದ ಮೇಲೆ ಮೋಡ ದಟ್ಟವಾಗುತ್ತದೆ. ಅಲ್ಲಲ್ಲಿ ಗುಡುಗು, ಆಲಿಕಲ್ಲು ಸಹ ಬೀಳುತ್ತವೆ. 2024ರ ಡಿಸೆಂಬರ್ ಕೊನೆಯ ವಾರ, ಸರಿಯಾಗಿ ರಜೆಯ ದಿನಗಳಲ್ಲಿ, ಹವಾಮಾನ ಇಲಾಖೆ ಮಹಾರಾಷ್ಟ್ರದ ಹಲವು ಜಿಲ್ಲೆಗಳಿಗೆ ಇಂಥದೇ ಎಚ್ಚರಿಕೆ ಕೊಟ್ಟಿತ್ತು.

ಮೋಡ ಬಂತು ಸರಿ, ಮಳೆ ಏಕೆ ಇಲ್ಲ? ಚಳಿಗಾಲದ ಈ ಮೋಡ ಬಹುಮಟ್ಟಿಗೆ ಎತ್ತರದಲ್ಲಿ ಚಾದರದಂತೆ ಹರಡಿದ ಮೋಡ. ಕೆಳಗಿನ ಗಾಳಿ ಒಣಗಿರುತ್ತದೆ. ಮೇಲಿಂದ ಹನಿ ಬಿದ್ದರೂ ದಾರಿಯಲ್ಲೇ ಆವಿಯಾಗುತ್ತದೆ. ಮಳೆಗಾಲದ ಮೋಡ ಹಾಗಲ್ಲ. ಅದು ಕೆಳಗಿನಿಂದ ಮೇಲಕ್ಕೆ ಬೆಳೆಯುವ ಮೋಡ. ಅದರ ಹೊಟ್ಟೆಯಲ್ಲಿ ನೀರಿರುತ್ತದೆ. ಆ ಮೋಡದ ಗುಣ ಅರಿಯಲು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸೊಲ್ಲಾಪುರವನ್ನೇ ಆರಿಸಿಕೊಂಡರು. 2018 ಮತ್ತು 2019ರ ಮಳೆಗಾಲಗಳಲ್ಲಿ ವಿಮಾನ ಹಾರಿಸಿ ಮೋಡ ಬಿತ್ತನೆಯ ಪ್ರಯೋಗ ಮಾಡಿದರು. ಬಿತ್ತಿದ ಮೋಡದಿಂದ ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಹೆಚ್ಚು ಮಳೆ ಬಂತೆಂದು ವರದಿ ಮಾಡಿದರು. ಅದು ಮಳೆಗಾಲದ ಮೋಡದ ಮಾತು. ಸಂಕ್ರಾಂತಿಯ ತೆಳು ಮೋಡದಿಂದ ಅದನ್ನು ಬಯಸುವಂತಿಲ್ಲ. ಮಳೆ ಕಡಿಮೆಯ ಸೀಮೆ ನಮ್ಮದು, ಹೀಗಾಗಿ ಮೋಡ ಕಂಡರೆ ಮನಸ್ಸು ಆಸೆಪಡುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ ಇಲ್ಲಿನದು. ಅದರಲ್ಲಿ ಡಿಸೆಂಬರ್, ಜನವರಿಯ ಪಾಲು ಅತಿ ಸಣ್ಣದು.

ಇಷ್ಟು ಹೊತ್ತು ಹೇಳಿದ್ದು ಎರಡು ಮಾತು. ಮೋಡ ನೆಲದ ಕಾವು ಹಿಡಿಯುತ್ತದೆ, ಹೀಗಾಗಿ ಥಂಡಿ ಇಲ್ಲ. ಮೋಡ ದೂರದ ಕಡಲಿನದು, ತೆಳುವಾದದ್ದು, ಹೀಗಾಗಿ ಮಳೆ ಇಲ್ಲ. ಇನ್ನು ಹೊಲಕ್ಕೆ ಬರೋಣ. ನನ್ನ ಮಾತಿನ ತಿರುಳು ಇಲ್ಲಿದೆ.

ಡಿಸೆಂಬರ್, ಜನವರಿಯಲ್ಲಿ ಈ ಸೀಮೆಯ ಹೊಲ ಹೇಗಿರುತ್ತದೆ? ಹಿಂಗಾರಿ ಜೋಳ ತೆನೆ ಹಿರಿದು ಕಾಳು ತುಂಬುತ್ತಿರುತ್ತದೆ. ತೊಗರಿ ಕಾಯಿಗೆ ಬಂದಿರುತ್ತದೆ, ಕೆಲವು ಕಡೆ ಕೊಯ್ಲಿಗೆ ಬಂದಿರುತ್ತದೆ. ಕಡಲೆ ಹೂವು, ಎಳೆಗಾಯಿಯಲ್ಲಿರುತ್ತದೆ. ದ್ರಾಕ್ಷಿಯ ಗೊಂಚಲು ತುಂಬುತ್ತಿರುತ್ತದೆ. ಮಾವು ಹೂ ಬಿಡುತ್ತಿರುತ್ತದೆ. ಉಳ್ಳಾಗಡ್ಡಿ ಪೇಟೆಗೆ ಹೋಗುತ್ತಿರುತ್ತದೆ. ಅಂದರೆ ವರ್ಷದ ದುಡಿಮೆಯ ಫಲವೆಲ್ಲ ಇದೇ ಹೊತ್ತಿಗೆ ಬಯಲಲ್ಲಿ ನಿಂತಿರುತ್ತದೆ.

ಮೊದಲು ಜೋಳ. ಸೊಲ್ಲಾಪುರ ಜೋಳದ ಜಿಲ್ಲೆ. ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿ ತೆಗೆದ ಎಂ 35-1 ತಳಿ 1930ರ ದಶಕದ್ದು. ಇಂದಿಗೂ ರೈತರ ಕೈಯಲ್ಲಿದೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಈ ಜೋಳ ಬೆಳೆಯುವುದು ಮಳೆಯಿಂದಲ್ಲ. ಮಳೆಗಾಲ ಎರೆ ಮಣ್ಣಿನಲ್ಲಿ ಬಿಟ್ಟುಹೋದ ಹಸಿಯಿಂದ. ಆ ಹಸಿ ಹೆಚ್ಚು ದಿನ ಉಳಿದರೆ ತೆನೆ ಗಟ್ಟಿ. ಮೋಡ ಇಲ್ಲಿ ಒಂದು ಉಪಕಾರ ಮಾಡುತ್ತದೆ. ಬಿಸಿಲು ಕಡಿಮೆಯಾಗಿ ನೆಲದ ಹಸಿ ನಿಧಾನಕ್ಕೆ ಆರುತ್ತದೆ.

ಆದರೆ ಇನ್ನೊಂದನ್ನು ಕಸಿಯುತ್ತದೆ. ಅದು ಇಬ್ಬನಿ. ಇಬ್ಬನಿ ಬೀಳುವುದು ತಿಳಿ ಮುಗಿಲಿನ, ಗಾಳಿಯಿಲ್ಲದ, ತಣ್ಣನೆ ರಾತ್ರಿಯಲ್ಲಿ. ಆಗ ಬೆಳಿಗ್ಗೆ ಎಲೆ ಒದ್ದೆಯಾಗಿ ತಂಪಾಗಿರುತ್ತದೆ. ಗಿಡ ಬೇರಿನಿಂದ ನೀರೆಳೆಯುವುದು ತುಸು ತಡವಾಗುತ್ತದೆ. ಮೋಡ ಕವಿದರೆ ಎಲೆ ತಣಿಯುವುದಿಲ್ಲ, ಇಬ್ಬನಿ ಕೂಡುವುದಿಲ್ಲ. ಕಡಲೆ ಹೊಲದಲ್ಲಿ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಕಡಲೆಯ ಎಲೆ ಹುಳಿ ಸೂಸುತ್ತದೆ. ಹಳಬರು ನಸುಕಿನಲ್ಲಿ ಕಡಲೆ ಗಿಡದ ಮೇಲೆ ಬಿಳಿ ಬಟ್ಟೆ ಎಳೆದು, ಹಿಂಡಿ, ಆ ಹುಳಿನೀರನ್ನು ಹೊಟ್ಟೆನೋವಿನ ಮದ್ದಿಗೆ ಕಾಯ್ದಿಡುತ್ತಿದ್ದರು. ಅದಕ್ಕೆ ಇಬ್ಬನಿಯ ರಾತ್ರಿಯೇ ಬೇಕು.

ಇಬ್ಬನಿ ಹೋದದ್ದಕ್ಕಿಂತ ದೊಡ್ಡ ತೊಂದರೆ ಹುಳದ್ದು. ಥಂಡಿ ಇದ್ದಾಗ ಹುಳಗಳ ಬೆಳವಣಿಗೆ ನಿಧಾನ. ಬೆಚ್ಚನೆಯ, ತೇವದ, ಬಿಸಿಲು ಕಡಿಮೆಯ ದಿನಗಳಲ್ಲಿ ಅವುಗಳ ಸಂಸಾರ ಬೇಗ ಬೆಳೆಯುತ್ತದೆ. ಜೋಳದ ಎಲೆಯ ಅಡಿಯಲ್ಲಿ ಸಸ್ಯಹೇನು ಗುಂಪುಗೂಡುತ್ತದೆ. ಅದು ರಸ ಹೀರಿ ಜಿಗುಟು ಸಿಹಿನೀರು ಬಿಡುತ್ತದೆ. ಎಲೆ ಹೊಳೆಯುತ್ತದೆ, ಕೈಗೆ ಅಂಟುತ್ತದೆ. ಆಮೇಲೆ ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಕಾಳು ಸೊರಗುತ್ತದೆ. ಕಣಿಕೆ ಕೆಡುತ್ತದೆ. ಕಣಿಕೆ ಕೆಟ್ಟರೆ ಬೇಸಿಗೆಯಲ್ಲಿ ಎತ್ತು, ಎಮ್ಮೆಗೆ ಮೇವಿಲ್ಲ.

ತೊಗರಿ, ಕಡಲೆಗೆ ಕಾಯಿಕೊರಕ. ಹಸಿರು ಕೀಡೆ ಎಂದರೆ ಎಲ್ಲರಿಗೂ ಗೊತ್ತು. ಇದರ ಪತಂಗ ರಾತ್ರಿ ಹಾರಾಡಿ ಹೂ, ಎಳೆಗಾಯಿಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡಬಲ್ಲದು. ಬೆಚ್ಚಗಿದ್ದರೆ ಮೂರು ನಾಲ್ಕು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ಮರಿ ಮೊದಲು ಎಲೆ, ಹೂ ಕೆರೆಯುತ್ತದೆ. ಬಲಿತ ಮೇಲೆ ಕಾಯಿಗೆ ತೂತು ಕೊರೆದು, ತಲೆ ಒಳಗೆ ಹಾಕಿ ಕಾಳು ತಿನ್ನುತ್ತದೆ. ಲೆಕ್ಕ ಹಾಕಿ ನೋಡಿ. ಹಬ್ಬದ ಮೊದಲ ದಿನ ಇಟ್ಟ ಮೊಟ್ಟೆ ಹಬ್ಬ ಮುಗಿಯುವ ಹೊತ್ತಿಗೆ ಕೀಡೆಯಾಗಿರುತ್ತದೆ. ಒಂದು ವಾರ ಹೊಲದ ಕಡೆ ಹಾಯದೇ ಇದ್ದರೆ ಅದು ಕಣ್ಣಿಗೆ ಬೀಳುವಷ್ಟರಲ್ಲಿ ಕಾಯಿಯೊಳಗೆ ಸೇರಿರುತ್ತದೆ. ಒಳಗೆ ಸೇರಿದ ಕೀಡೆಗೆ ಯಾವ ಔಷಧವೂ ಸರಿಯಾಗಿ ತಾಗುವುದಿಲ್ಲ.

ತೋಟದ ಬೆಳೆಗಳ ಮಾತು ಚುಟುಕಾಗಿ ಹೇಳುತ್ತೇನೆ. ಸೊಲ್ಲಾಪುರದ ಉತ್ತರಕ್ಕೆ ಇರುವ ನಾನ್ನಜ ದ್ರಾಕ್ಷಿಗೆ ಹೆಸರಾದ ಊರು. ಉದ್ದ ಕಾಯಿಯ ಸೋನಾಕಾ ತಳಿ ಹುಟ್ಟಿದ್ದು ಅಲ್ಲಿಯ ರೈತ ನಾನಾಸಾಹೇಬ ಕಾಳೆಯವರ ತೋಟದಲ್ಲಿ. ಮೋಡದ ಜೊತೆ ತುಂತುರು ಹನಿ ಬಿದ್ದು ಎಲೆ ಕೆಲವು ತಾಸು ಒದ್ದೆಯಾಗಿ ಉಳಿದರೆ ದ್ರಾಕ್ಷಿಗೆ ಬೂಜುರೋಗದ ಭಯ. ಒಣದ್ರಾಕ್ಷಿ ಮಾಡುವವರಿಗೆ ಒಣ ಗಾಳಿ ಬೇಕು. ಮೋಡದಲ್ಲಿ ಅದು ಬೇಗ ಒಣಗದೆ ಬಣ್ಣ ಕೆಡುತ್ತದೆ. ದಾಳಿಂಬೆಗೆ ತೇಲ್ಯಾ ಎಂಬ ದುಂಡಾಣು ರೋಗದ ಅಂಜಿಕೆ. ದಾಳಿಂಬೆಯ ಮೇಲೆ ಕೆಲಸ ಮಾಡಲು ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಲ್ಲಿಯೇ ಇದೆ. ಮಾವಿನ ಹೂವಿಗೆ ಜಿಗಿಹುಳ, ಬೂದಿರೋಗ. ಕಿತ್ತು ರಾಶಿ ಹಾಕಿದ ಉಳ್ಳಾಗಡ್ಡಿಗೆ ಕೊಳೆಯುವ ಭಯ.

ಹೊಲದ ಸ್ಥಿತಿ ಕೇಳಿದಿರಿ. ನೆಲದ ಹಸಿ ಉಳಿಯುವುದು ಲಾಭ. ಇಬ್ಬನಿ ಹೋಗುವುದು, ಹುಳ ಬೆಳೆಯುವುದು, ರೋಗಕ್ಕೆ ದಾರಿಯಾಗುವುದು ನಷ್ಟ. ಈಗ ಮೂರನೆಯ ಪ್ರಶ್ನೆ. ನಾವು ಮಾಡಬೇಕಾದದ್ದು ಏನು?

ಮೊದಲನೆಯದು, ಅಂಜಿ ಔಷಧ ಹೊಡೆಯಬೇಡಿ. ಮೋಡ ಕಂಡ ಕೂಡಲೇ ಪಂಪು ಬೆನ್ನಿಗೆ ಕಟ್ಟುವ ರೂಢಿ ಬೆಳೆದಿದೆ. ಹುಳ ಇದೆಯೋ ಇಲ್ಲವೋ ನೋಡದೆ ಹೊಡೆದರೆ ಹಣ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಸ್ಯಹೇನನ್ನು ತಿನ್ನುವ ಗುಲಗಂಜಿ ಹುಳ ಸಾಯುತ್ತದೆ. ಹೂವಿಗೆ ಬರುವ ಜೇನು ಸಾಯುತ್ತದೆ. ಹನಿ ಬೀಳುವ ಸೂಚನೆ ಇದ್ದಾಗ ಹೊಡೆದ ಔಷಧ ತೊಳೆದುಹೋಗಿ ನೆಲ ಸೇರುತ್ತದೆ. ಹಬ್ಬದಲ್ಲಿ ಹುರ್ಡಾ, ಸೀತನಿ ಎಂದು ಹಸಿ ತೆನೆ ಸುಟ್ಟು ತಿನ್ನುತ್ತೇವೆ. ಹಸಿ ಕಡಲೆ ಕಿತ್ತು ಮಕ್ಕಳ ಕೈಗೆ ಕೊಡುತ್ತೇವೆ. ಅದೇ ವಾರ ಆ ಬೆಳೆಗೆ ವಿಷ ಹೊಡೆದಿದ್ದರೆ ಅದು ನೇರ ಮಕ್ಕಳ ಬಾಯಿಗೆ ಹೋಗುತ್ತದೆ. ದಯವಿಟ್ಟು ಇದನ್ನು ನೆನಪಿಡಿ. ಸೀತನಿಗೆಂದು ಬಿಟ್ಟ ಸಾಲಿಗೆ ಏನನ್ನೂ ಹೊಡೆಯಬೇಡಿ.

ಎರಡನೆಯದು, ನೋಡಿ. ವಾರಕ್ಕೆ ಎರಡು ಸಲವಾದರೂ ಹೊಲದೊಳಗೆ ನಡೆಯಿರಿ. ಬದುವಿನ ಮೇಲೆ ನಿಂತು ನೋಡಿದರೆ ಸಾಲದು. ಹೊಲದ ನಾಲ್ಕು ಮೂಲೆ, ನಡುವೆ ಒಂದು ಕಡೆ, ಒಟ್ಟು ಐದು ಕಡೆ ನಿಲ್ಲಿ. ಪ್ರತಿ ಕಡೆ ನಾಲ್ಕೈದು ಗಿಡ ನೋಡಿ. ಜೋಳದ ಎಲೆಯನ್ನು ತಿರುವಿ ಅಡಿಭಾಗ ನೋಡಿ. ತೊಗರಿಯ ಗೊಂಚಲು ಬಿಡಿಸಿ ನೋಡಿ. ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಕೀಡೆ ಸಿಕ್ಕರೆ ಆಗ ಕ್ರಮ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಕಾಯಬಹುದು. ಎಕರೆಗೆ ಎರಡು ಲಿಂಗಾಕರ್ಷಕ ಬಲೆ ಕಟ್ಟಿದರೆ ಪತಂಗ ಬಂದದ್ದು ಮೊದಲೇ ತಿಳಿಯುತ್ತದೆ.

ಮೂರನೆಯದು, ಹಗುರ ಉಪಾಯದಿಂದ ಶುರುಮಾಡಿ. ತೊಗರಿ ಸಾಲಿನ ಕೆಳಗೆ ತಾಡಪತ್ರಿ ಹಾಸಿ, ಗಿಡ ಅಲ್ಲಾಡಿಸಿದರೆ ಕೀಡೆಗಳು ಉದುರುತ್ತವೆ. ಕೂಡಿಸಿ ನಾಶಮಾಡಬಹುದು. ಇದು ನಮ್ಮ ಭಾಗದ ರೈತರೇ ರೂಢಿಸಿದ ಉಪಾಯ. ಹೊಲದಲ್ಲಿ ಅಲ್ಲಲ್ಲಿ ಕವಲುಕೋಲು ನೆಟ್ಟರೆ ಹಕ್ಕಿಗಳು ಕುಳಿತು ಹುಳ ಹೆಕ್ಕುತ್ತವೆ. ಮೊಟ್ಟೆ, ಸಣ್ಣ ಮರಿ ಇರುವಾಗ ಬೇವಿನ ಬೀಜದ ಕಷಾಯ ಸಾಕು. ಐದು ಕಿಲೋ ಬೇವಿನ ಬೀಜ ಕುಟ್ಟಿ, ರಾತ್ರಿ ನೆನೆಹಾಕಿ, ಸೋಸಿ, 100 ಲೀಟರ್ ನೀರಿಗೆ ಬೆರೆಸುವುದು. ಬದುವಿನ ಬೇವು ಇರುವುದೇ ಇದಕ್ಕೆ. ಇಷ್ಟಕ್ಕೂ ಬಗ್ಗದಿದ್ದರೆ ಕೃಷಿ ಅಧಿಕಾರಿಯನ್ನೋ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ, ಅವರು ಹೇಳಿದ ಔಷಧ, ಹೇಳಿದ ಅಳತೆ. ಅಂಗಡಿಯವರು ಕೊಟ್ಟದ್ದನ್ನೆಲ್ಲ ಬೆರೆಸಿ ಹೊಡೆಯಬೇಡಿ.

ನಾಲ್ಕನೆಯದು, ಮುನ್ಸೂಚನೆ ಕೇಳಿ. ಹೋಮದ ರಾತ್ರಿ ಗಡ್ಡಾ ಜಾತ್ರೆಯಲ್ಲಿ ಭಾಕಣೂಕ ನಡೆಯುತ್ತದೆ. ದಿನವಿಡೀ ಉಪವಾಸವಿಟ್ಟ ಕರುವನ್ನು ಕರೆತಂದು, ಅದು ಏನು ತಿನ್ನುತ್ತದೆ, ಹೇಗೆ ವರ್ತಿಸುತ್ತದೆ ಎಂಬುದರಿಂದ ಮುಂದಿನ ಮಳೆ, ಬೆಲೆ ಹೇಳುತ್ತಾರೆ. ಜನ ಉಸಿರು ಹಿಡಿದು ಕೇಳುತ್ತಾರೆ. ಮಳೆಯನ್ನೇ ನಂಬಿದ ಸೀಮೆಯ ಜನರ ಮನಸ್ಸಿನ ಭಾರ ಅಲ್ಲಿ ಕಾಣುತ್ತದೆ. ಆ ಮಾತು ವರ್ಷದ ಭರವಸೆಗೆ. ನಾಳೆ, ನಾಡಿದ್ದಿನ ಕೆಲಸಕ್ಕೆ ಬೇರೆ ಮಾತು ಬೇಕು. ಭಾರತೀಯ ಹವಾಮಾನ ಇಲಾಖೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಪ್ರತಿ ಜಿಲ್ಲೆಗೆ ಕೃಷಿ ಹವಾಮಾನ ಸಲಹೆ ಕೊಡುತ್ತದೆ. ಮುಂದಿನ ಐದು ದಿನದ ಮೋಡ, ಮಳೆ, ಗಾಳಿ, ತೇವ ಎಲ್ಲ ಅದರಲ್ಲಿರುತ್ತದೆ. 2019ರಿಂದ ಮೇಘದೂತ ಎಂಬ ಆ್ಯಪಿನಲ್ಲೂ ಅದು ಸಿಗುತ್ತದೆ. ರಜೆಗೆ ಬಂದ ಮಗನೋ ಮಗಳೋ ಅಪ್ಪನ ಮೊಬೈಲಿಗೆ ಇದನ್ನು ಹಾಕಿಕೊಡಲಿ. ಮರಾಠಿ ಓದಲು ತೊಡಕಿರುವ ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಲಿ. ಹಬ್ಬಕ್ಕೆ ಅವರು ತರುವ ಹೊಸ ಬಟ್ಟೆಗಿಂತ ಇದು ಹೆಚ್ಚು ದಿನ ಬರುತ್ತದೆ.

ಹೇಳಿದ ನಾಲ್ಕನ್ನೂ ಮತ್ತೊಮ್ಮೆ ಕೂಡಿಸುತ್ತೇನೆ. ಅಂಜಿ ಔಷಧ ಬೇಡ. ಎರಡು ಸಲ ಹೊಲ ನೋಡಿ. ಹಗುರ ಉಪಾಯ ಮೊದಲು. ಮುನ್ಸೂಚನೆ ಕೇಳಿ. ಇವೆಲ್ಲದರ ಬೇರು ಒಂದೇ. ಹಬ್ಬದ ವಾರದಲ್ಲಿ ಹೊಲ ಬರಿದಾಗಿ, ನೋಡುವವರಿಲ್ಲದೆ ಇರಬಾರದು.

ಇದು ಹಬ್ಬಕ್ಕೆ ಅಡ್ಡಿಯೇ? ಅಲ್ಲ. ನಮ್ಮ ಹಬ್ಬವೇ ನಮ್ಮನ್ನು ಹೊಲಕ್ಕೆ ಕರೆಯುತ್ತದೆ. ಎಳ್ಳಮಾಸಿಯನ್ನು ನೆನೆಯಿರಿ. ಆ ದಿನ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರಿನಲ್ಲಿ, ಹೊಲಕ್ಕೆ ಹೋಗುತ್ತಾರೆ. ಸಜ್ಜಿ ರೊಟ್ಟಿ, ಕಡುಬು, ಭಜ್ಜಿ, ಹೋಳಿಗೆ ಒಯ್ಯುತ್ತಾರೆ. ಬನ್ನಿ ಗಿಡದ ಬುಡದಲ್ಲೋ ಜೋಳದ ಸಾಲಿನಲ್ಲೋ ಪೂಜೆ ಮಾಡುತ್ತಾರೆ. ಆಮೇಲೆ ಹೊಲದ ಸುತ್ತ ತಿರುಗಿ ಚರಗ ಚೆಲ್ಲುತ್ತಾರೆ. ಭೂತಾಯಿಗೆ ಉಣಬಡಿಸಿ ಆಮೇಲೆ ತಾವು ಉಣ್ಣುತ್ತಾರೆ. ಲಾತೂರು, ಧಾರಾಶಿವದ ಮರಾಠಿ ರೈತರೂ ಇದೇ ಹಬ್ಬವನ್ನು ವೇಳ ಅಮಾವಾಸ್ಯೆ ಎಂದು ಮಾಡುತ್ತಾರೆ. ಗಡಿ ಈ ಹಬ್ಬವನ್ನು ಬೇರೆ ಮಾಡಿಲ್ಲ.

ಈ ಹಬ್ಬ ಬರುವ ಹೊತ್ತನ್ನು ಗಮನಿಸಿ. ಜೋಳಕ್ಕೆ ಕಾಳು ಕೂಡುವ ಹೊತ್ತು. ಕಡಲೆಗೆ ಹೂ ಕಾಯಿಯಾಗುವ ಹೊತ್ತು. ಕೀಡೆ, ಹೇನು ಏಳುವ ಹೊತ್ತು. ವರ್ಷದಲ್ಲಿ ಹೊಲವನ್ನು ಅತಿ ಹೆಚ್ಚು ನೋಡಬೇಕಾದ ದಿನಗಳಲ್ಲಿಯೇ ಮನೆಮಂದಿಯೆಲ್ಲ ಹೊಲದ ಸುತ್ತ ನಡೆಯುವ ಪದ್ಧತಿ ನಮ್ಮಲ್ಲಿ ಇದೆ. ಹಿರಿಯರು ಏನೆಂದು ಇದನ್ನು ಶುರುಮಾಡಿದರೋ, ಇಂದಿಗೆ ಅದರ ಉಪಯೋಗ ಸ್ಪಷ್ಟವಾಗಿದೆ. ಚರಗ ಚೆಲ್ಲುವ ಕೈ ಒಂದು ಎಲೆಯನ್ನೂ ತಿರುವಲಿ. ಮಕ್ಕಳ ಕಣ್ಣು ಚುರುಕು. ಮೊಟ್ಟೆ ಹೇಗಿರುತ್ತದೆ, ಕೀಡೆ ಹೇಗಿರುತ್ತದೆ, ಗುಲಗಂಜಿ ಹುಳ ನಮ್ಮ ಗೆಳೆಯ ಏಕೆ ಎಂದು ಅವರಿಗೆ ತೋರಿಸಿ. ಪಟ್ಟಣದಲ್ಲಿ ಬೆಳೆಯುವ ಮೊಮ್ಮಕ್ಕಳಿಗೆ ಅಜ್ಜನ ಹೊಲದ ಪರಿಚಯ ಇದರಿಂದಲೇ ಆಗಲಿ.

ಬಯಲು ಸೀಮೆಯ ಒಣ ಬೇಸಾಯವನ್ನು ಓದಿ ಅರಿಯಲು ಸೊಲ್ಲಾಪುರದಲ್ಲಿ 1933ರಲ್ಲೇ ಸಂಶೋಧನಾ ಕೇಂದ್ರ ತೆರೆಯಿತು. ಸುಮಾರು 90 ವರ್ಷದ ಆ ಓದಿನ ಸಾರ ಒಂದಿದೆ. ಇಲ್ಲಿ ಮಳೆ ನಮ್ಮ ಕೈಯಲ್ಲಿಲ್ಲ. ಬಿದ್ದ ಹಸಿಯನ್ನು ಕಾಯುವುದು ಮಾತ್ರ ನಮ್ಮ ಕೈಯಲ್ಲಿದೆ. ಮೋಡದ ವಿಷಯವೂ ಹಾಗೆಯೇ. ಕೊಲ್ಲಿಯಲ್ಲಿ ಎದ್ದ ಗಾಳಿಯನ್ನು ಬೋರಾಮಣಿಯಲ್ಲಿ ನಿಲ್ಲಿಸಲಾಗದು. ಬಂದ ಮೋಡ ತನ್ನ ದಾರಿ ಹಿಡಿದು ಹೋಗುತ್ತದೆ. ಥಂಡಿ ಮತ್ತೆ ಬರುತ್ತದೆ. ನಡುವಿನ ಆ ನಾಲ್ಕಾರು ದಿನ ಬೆಳೆಯನ್ನು ಕಾಯುವುದು ನಮ್ಮ ಪಾಲಿನ ಕೆಲಸ.

ಆದ್ದರಿಂದ ಬಂಧುಗಳೇ, ಈ ಸಲ ಹಬ್ಬದ ವಾರದಲ್ಲಿ ಮುಗಿಲು ಮುಚ್ಚಿದರೆ ಮಳೆಯ ಆಸೆಯನ್ನೂ ಇಟ್ಟುಕೊಳ್ಳಬೇಡಿ, ಕೇಡಿನ ಭಯವನ್ನೂ ಇಟ್ಟುಕೊಳ್ಳಬೇಡಿ. ಜಾತ್ರೆಗೆ ಹೋಗಿ, ನಂದಿಧ್ವಜಕ್ಕೆ ಕೈ ಮುಗಿಯಿರಿ, ಎಳ್ಳು ಬೆಲ್ಲ ಹಂಚಿ. ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ, ಹೊಲದೊಳಗೆ ನಡೆದು ಐದು ಕಡೆ ಗಿಡ ನೋಡಿ. ಪಕ್ಕದ ಹೊಲದವರು ಊರಲ್ಲಿ ಇಲ್ಲದಿದ್ದರೆ ಅವರ ಒಂದು ಸಾಲನ್ನೂ ನೋಡಿ, ಕಂಡದ್ದನ್ನು ಅವರಿಗೆ ಫೋನು ಮಾಡಿ ತಿಳಿಸಿ.